ಆರಿದ ಮೇಲಿನ ಬಿಸಿ

ಮಾರ್ಚ್ 3, ಸೋಮವಾರ

ಕೊನೆಗೂ ನೋಟಿಸ್ ಬೋರ್ಡಿಗೆ ಬಂತು. ನಮ್ಮ ಕಲ್ಲಿದ್ದಲು ಸ್ಥಾವರ ಮೇ ತಿಂಗಳ ಕೊನೆಗೆ ಬಂದ್. ‘ಮುಚ್ತಾರಂತೆ’ ಅನ್ನುವ ಮಾತನ್ನು ಇಷ್ಟು ವರ್ಷ ಕ್ಯಾಂಟೀನಿನ ಚಹಾದ ಜೊತೆ ಕುಡಿದು ಅರಗಿಸಿಕೊಂಡಿದ್ದೆವು. ಇವತ್ತು ಮುದ್ರೆ ಸಮೇತ ನೋಡಿದ ಮೇಲೆ ಎಲ್ಲರ ಬಾಯಿಯೂ ಕಟ್ಟಿಹೋಯಿತು. ಬಾಯ್ಲರ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಗುಮ್ಮೆಂದು ಉರಿಯುತ್ತಿತ್ತು.

ಕಂಟ್ರೋಲ್ ರೂಮಿನ ನಡುವಿನ ಕುರ್ಚಿ ನನ್ನದು. ಉರಿಯ ಸದ್ದು ಕೊಂಚ ಬದಲಾದರೆ ಮೀಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇದು ಜಂಬವಲ್ಲ, ನನ್ನ ಜೊತೆ ಪಾಳಿ ಮಾಡಿದವರನ್ನು ಕೇಳಿದರೆ ಹೇಳುತ್ತಾರೆ. (ಸರಿ, ಸ್ವಲ್ಪ ಜಂಬವೂ ಹೌದು.) ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಈ ಕುರ್ಚಿ ಬಿಟ್ಟರೆ ನನಗೆ ಬರುವ ಇನ್ನೊಂದು ಕೆಲಸ ಯಾವುದು ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಒಂದೂ ಹೊಳೆಯಲಿಲ್ಲ.

ಅದೇ ಜಾಗದಲ್ಲಿ ಒಂದು ಸಣ್ಣ ಅಣುಸ್ಥಾವರ ಕಟ್ಟುವ ಯೋಚನೆಯಿದೆ. ಊರು ಒಪ್ಪಿದರೆ ಮಾತ್ರ. ಮೇ ತಿಂಗಳಲ್ಲಿ ಸಭೆ, ಆಮೇಲೆ ಮತದಾನ. ಅದನ್ನು ನಡೆಸುವವರನ್ನು ಈಗಲೇ ನಮ್ಮೊಳಗಿಂದ ಆರಿಸಿ, ಕಟ್ಟಿ ಮುಗಿಯುವವರೆಗೂ ಓದಿಸುತ್ತಾರಂತೆ. ಮೊದಲ ತರಬೇತಿ ಮುಂದಿನ ವಾರದಿಂದ, ಪರೀಕ್ಷೆ ಜೂನಿನಲ್ಲಿ. ನಾನು ಹೆಸರು ಕೊಟ್ಟು ಬಂದೆ. ಊರು ಒಪ್ಪಬೇಕು, ನಾನು ಪಾಸಾಗಬೇಕು. ಎರಡರಲ್ಲಿ ಒಂದು ತಪ್ಪಿದರೂ ನನ್ನ ಕುರ್ಚಿ ಹೋಯಿತು.

ಮನೆಯಲ್ಲಿ ಹೇಳಿದೆ. ನಮ್ಮನೆಯವರು ಸ್ಕ್ರೂಡ್ರೈವರ್ ಕೆಳಗಿಟ್ಟು “ಬೇಡ” ಅಂದರು. ಇವರು ಮನೆಮನೆಯ ತಾರಸಿ ಹತ್ತಿ ಸೋಲಾರ್ ಪ್ಯಾನೆಲ್ ಕೂರಿಸುವವರು. ಅಣು ಎಂಬ ಶಬ್ದ ಕೇಳಿದರೆ ಸಾಕು, ಭಾಷಣ ಶುರು. ನಾನು ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆದೆ. ಮಾತು ಮುಗಿದ ಮೇಲೆ ನಿಲ್ಲಿಸಿದೆ.

ಮಾರ್ಚ್ 9, ಭಾನುವಾರ

ಬೆಳಗಿನ ತಿಂಡಿಯ ಹೊತ್ತಿಗೇ ಇವರು ಕಾಲು ಕೆರೆದು ಜಗಳಕ್ಕೆ ಬಂದರು. ನಾನೂ ಬಿಡಲಿಲ್ಲ.

“ಕಟ್ಟೋಕೇ ಎಷ್ಟು ವರ್ಷ ಬೇಕು ಗೊತ್ತಾ ನಿಂಗೆ? ಅಷ್ಟರಲ್ಲಿ ಊರಿನ ಎಲ್ಲಾ ತಾರಸಿನೂ ನಾನು ಮುಚ್ಚಿರ್ತೀನಿ.”

“ಮುಚ್ಚಿ. ಸಂಜೆ ಆದ್ಮೇಲೆ ಊರೆಲ್ಲ ನಿಮ್ಮ ಪ್ಯಾನೆಲ್ ನೋಡ್ಕೊಂಡು ಕತ್ತಲಲ್ಲಿ ಕೂತ್ಕೊಳ್ಳಲಿ.”

“ಬ್ಯಾಟರಿ ಅಂತ ಒಂದಿದೆ ಕಣೇ.”

“ಮೋಡ ಅಂತಾನೂ ಒಂದಿದೆ.”

ಇವರು ಗಾಳಿಯಂತ್ರ ಅಂದರು, ನಾನು ಗಾಳಿ ನಿಂತ ದಿನ ಅಂದೆ. ಅಣೆಕಟ್ಟಿನ ಮಾತು ತೆಗೆದರು, ಇನ್ನೊಂದು ಕಣಿವೆ ಮುಳುಗಿಸ್ತೀರಾ ಅಂದೆ. ಉಳಿದ ಇಂಧನ ಎಲ್ಲಿಡ್ತೀರಿ ಅಂತ ಏನೋ ಶುರು ಮಾಡಿದರು. ಅಷ್ಟರಲ್ಲಿ ನನಗೆ ಬಸ್ಸಿನ ಹೊತ್ತಾಗಿತ್ತು, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಹೇಗೂ ಏನು ಹೇಳುತ್ತಾರೆಂದು ಗೊತ್ತಿದ್ದದ್ದೇ.

ಅತ್ತೆ ಮಾತ್ರ ಯಾರ ಪಕ್ಷವೂ ಇಲ್ಲ. ಕಿಟಕಿಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನಮ್ಮಿಬ್ಬರ ಮೂಗಿಗೂ ಹಿಡಿದರು. ಬಟ್ಟೆಯ ಮೇಲೆ ಬೂದಿ. “ಯಾವ್ದಾದ್ರೂ ತನ್ನಿ. ನನ್ನ ದಿಂಬಿನ ಚೀಲ ಬೆಳ್ಳಗೆ ಒಣಗಿದ್ರೆ ಸಾಕು.”

ಮಾರ್ಚ್ 12, ಬುಧವಾರ

ತರಬೇತಿಯ ಮೊದಲ ದಿನ. ಅಣುಸ್ಥಾವರದ ಕಂಟ್ರೋಲ್ ರೂಮಿನ ಥೇಟ್ ನಕಲು ಮಾಡಿ ಇಟ್ಟಿದ್ದಾರೆ: ಅದೇ ಮೇಜು, ದೀಪ, ಗುಂಡಿ, ಗಂಟೆ. ಹಿಂದೆ ಮಾತ್ರ ಸ್ಥಾವರವಿಲ್ಲ, ಕಂಪ್ಯೂಟರ್ ಇದೆ. ಸಿಮ್ಯುಲೇಟರ್ ಅನ್ನುತ್ತಾರೆ. ಏನು ತಪ್ಪು ಮಾಡಿದರೂ ಯಾರೂ ಸಾಯುವುದಿಲ್ಲ, ಮಾನ ಹೋಗುತ್ತದೆ ಅಷ್ಟೆ.

ಕಲಿಸುವಾಕೆ ನನಗಿಂತ ಚಿಕ್ಕವಳು. ಸಣ್ಣ ದನಿ, ಇಸ್ತ್ರಿ ಕೆಡದ ಅಂಗಿ. ಬೇರೆ ಊರಿನ ಅಣುಸ್ಥಾವರದಲ್ಲಿ ಮೇಜು ನೋಡಿಕೊಂಡು ಬಂದವಳು. ಅವಳ ನಿಯಮ ಒಂದೇ: ಯಾರೇ ಏನೇ ಹೇಳಲಿ, ಕೇಳಿದವರು ಅದನ್ನು ತಿರುಗಿ ಪೂರ್ತಿ ಹೇಳಬೇಕು. ಹೇಳಿದವರು “ಹೌದು, ಅದೇ” ಅಂದ ಮೇಲೆಯೇ ಗುಂಡಿಗೆ ಕೈ.

“ಎರಡನೇ ಪಂಪ್ ಚಾಲೂ ಮಾಡಿ.”

“ಎರಡನೇ ಪಂಪ್ ಚಾಲೂ ಮಾಡ್ತೀನಿ.”

“ಹೌದು, ಅದೇ.”

ಇಡೀ ದಿನ ಇದೇ ಗಿಳಿಪಾಠ. ನನ್ನ ಜೊತೆಯ ಗಡ್ಡಪ್ಪ (ನಮ್ಮ ಪಾಳಿಯವನೇ, ಗಡ್ಡ ನೋಡಿ ನಾನೇ ಇಟ್ಟ ಹೆಸರು) ಮಧ್ಯಾಹ್ನಕ್ಕೆ ಅವಳಿಗೆ ‘ಗಿಳಿ ಮೇಡಂ’ ಅಂತ ನಾಮಕರಣ ಮಾಡಿದ. ನನಗಂತೂ ತಲೆ ಚಿಟ್ಟು ಹಿಡಿಯಿತು. ಕಲ್ಲಿದ್ದಲಿನಲ್ಲಿ ನಾವು ಕಣ್ಸನ್ನೆಯಲ್ಲಿ ಕೆಲಸ ಮಾಡಿದವರು. ಹುಬ್ಬು ಹಾರಿಸಿದರೆ ಸಾಕು, ಎದುರಿನವನು ಫ್ಯಾನ್ ಇಳಿಸುತ್ತಾನೆ. ಗೊತ್ತಿದ್ದವರಿಗೆ ಇಷ್ಟು ಮಾತು ಯಾಕೆ ಬೇಕೋ.

ಮಾರ್ಚ್ 20, ಗುರುವಾರ

ಇವರು ಬೆಳಿಗ್ಗೆ “ಬರ್ತಾ ಹಾಲು, ಒಂದು ಬಲ್ಬು, ಅಮ್ಮನ ಮಾತ್ರೆ” ಅಂದರು. ನಾನು ಅಣಕಕ್ಕೆಂದೇ ಗಿಳಿ ಮೇಡಂ ದನಿಯಲ್ಲಿ “ಬರ್ತಾ ಹಾಲು, ಒಂದು ಬಲ್ಬು, ಅತ್ತೆಯ ಮಾತ್ರೆ ತರ್ತೀನಿ” ಅಂದೆ. ಇವರಿಗೆ ಅಣಕ ಎಂದು ಗೊತ್ತಾಗಲೇ ಇಲ್ಲ. ಬಾಗಿಲಲ್ಲಿ ನಿಂತು ಒಂದು ಕ್ಷಣ ನನ್ನನ್ನೇ ನೋಡಿ “ಹೌದು, ಅದೇ” ಅಂದು ಹೋದರು.

ಮೂರನ್ನೂ ಮರೆಯದೆ ತಂದೆ. ಮದುವೆಯಾದ ಮೇಲೆ ಇದೇ ಮೊದಲು ಅಂತ ಅತ್ತೆ ನೆರೆಮನೆಗೆ ಕೇಳುವ ಹಾಗೆ ಹೇಳಿದರು.

ಏಪ್ರಿಲ್ 4, ಶುಕ್ರವಾರ

ಮುಖ ಎತ್ತಿ ಓಡಾಡುವ ಹಾಗಿಲ್ಲ.

ಸಿಮ್ಯುಲೇಟರಿನಲ್ಲಿ ಇವತ್ತು ಮೇಜು ನನ್ನದು. ಎಲ್ಲಾ ಚೆನ್ನಾಗಿ ನಡೆಯುತ್ತಿತ್ತು. ಗಿಳಿ ಮೇಡಂ ಹಿಂದಿನ ಕೋಣೆಯಿಂದ ಏನೋ ಕೆಡಿಸಿದಳು. ಗಂಟೆ ಬಡಿದುಕೊಂಡಿತು, ಒಳಗಿನ ಉರಿ ತಡೆಯುವ ಕಡ್ಡಿಗಳು ತಾವಾಗಿಯೇ ಇಳಿದವು, ಶಕ್ತಿ ತೋರಿಸುವ ಮುಳ್ಳು ನೆಲಕ್ಕೆ ಬಿತ್ತು. ಅಂದರೆ ಒಲೆ ಆರಿತು. ನನಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಆಗಬೇಕಿತ್ತು. ಕಲ್ಲಿದ್ದಲಿನಲ್ಲಿ ಉರಿ ಆರಿದರೆ ನಾವು ಬಾಯ್ಲರನ್ನು ಸುತ್ತ ಮುಚ್ಚಿ, ನೀರಿನ ಪಂಪು ನಿಲ್ಲಿಸಿ, ಚಹಾ ಹೇಳಿ ಕಳಿಸುತ್ತೇವೆ. ನನ್ನ ಕೈಗೆ ಇಷ್ಟು ವರ್ಷದ ಅಭ್ಯಾಸ. ಯಾರಿಗೂ ಏನೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಕೈ ತಾನಾಗಿಯೇ ಹೋಗಿ ಪಂಪ್ ನಿಲ್ಲಿಸಿತು.

ಗಡ್ಡಪ್ಪ “ಅಕ್ಕಾ” ಅಂದ. ನಾನು “ಗೊತ್ತು ಬಿಡೋ” ಅಂದೆ.

ಸ್ವಲ್ಪ ಹೊತ್ತಿಗೆ ಬಿಸಿ ಏರತೊಡಗಿತು. ಆರಿದ ಒಲೆಯಲ್ಲಿ ಬಿಸಿ ಏರುತ್ತದೆಂದರೆ ನನಗೆ ನಂಬಿಕೆಯೇ ಬರಲಿಲ್ಲ, ಮೀಟರ್ ಕೆಟ್ಟಿದೆ ಅಂದುಕೊಂಡೆ. ಒಂದೊಂದಾಗಿ ದೀಪಗಳು ಕೆಂಪಾದವು. ಕೊನೆಗೆ ಪರದೆ ನಿಂತುಹೋಯಿತು.

ಗಿಳಿ ಮೇಡಂ ಒಳಗೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

ಏಪ್ರಿಲ್ 5, ಶನಿವಾರ

ಬರೆಯಲು ಮನಸ್ಸಿಲ್ಲ. ಗಡ್ಡಪ್ಪ ಊರೆಲ್ಲ ಹೇಳಿದ್ದಾನೆ. ಅಂಗಡಿಯಲ್ಲಿ ಬ್ರೆಡ್ ಕೊಡುವವಳೂ “ಪಂಪ್ ನಿಲ್ಸಿದ್ರಂತೆ” ಅಂದಳು.

ಏಪ್ರಿಲ್ 7, ಸೋಮವಾರ

ಹೆಸರು ವಾಪಸ್ ತೆಗೆದುಕೊಳ್ಳೋಣ ಎಂದೇ ಹೋಗಿದ್ದೆ. ಗಿಳಿ ಮೇಡಂ ಎರಡು ಲೋಟ ಚಹಾ ಇಟ್ಟುಕೊಂಡು ಕೂತಿದ್ದಳು.

“ಕಲ್ಲಿದ್ದಲಿನಿಂದ ಬಂದವ್ರು ಎಲ್ಲರೂ ಇದೇ ತಪ್ಪು ಮಾಡ್ತಾರೆ ಮೇಡಂ. ಗ್ಯಾಸ್ ಸ್ಥಾವರದವ್ರು ಬಂದ್ರೆ ಅವ್ರದ್ದು ಬೇರೆ ತಪ್ಪು. ನಿಮ್ಮ ಒಲೇಲಿ ಸೌದೆ ಎಳೆದ್ರೆ ಉರಿ ಇಲ್ಲ. ಇದು ಹಾಗಲ್ಲ. ಆರಿಸಿದ್ಮೇಲೂ ಒಳಗಡೆ ಬಿಸಿ ಹುಟ್ತಾನೇ ಇರುತ್ತೆ, ಗಂಟೆಗಟ್ಲೆ, ದಿನಗಟ್ಲೆ. ದೊಡ್ಡ ಕೆಲಸ ಆರಿಸೋದಲ್ಲ. ಆರಿಸಿದ ಮೇಲೆ ನೀರು ಕೊಡ್ತಾ ಕೂತಿರೋದು.”

ನಾನು ಚಹಾ ಕುಡಿದೆ. ಅವಳು ತನ್ನ ಲೋಟ ಮುಟ್ಟದೆ ನನ್ನನ್ನೇ ನೋಡುತ್ತಿದ್ದಳು. ಯಾತಕ್ಕೆ ಕಾಯುತ್ತಿದ್ದಾಳೆಂದು ತಡವಾಗಿ ಹೊಳೆಯಿತು.

“ಆರಿಸಿದ ಮೇಲೂ ಬಿಸಿ ಹುಟ್ತಾ ಇರುತ್ತೆ,” ಅಂದೆ. “ನೀರು ಕೊಡ್ತಾ ಕೂತಿರಬೇಕು.”

“ಹೌದು, ಅದೇ. ನಾಳೆ ಬೇಗ ಬನ್ನಿ.”

ಹೆಸರು ವಾಪಸ್ ತೆಗೆದುಕೊಳ್ಳುವ ವಿಷಯ ಎತ್ತಲು ಆಗಲೇ ಇಲ್ಲ. ಬರುವಾಗ ನಿಯಮದ ಬಗ್ಗೆ ಯೋಚಿಸಿದೆ. ಅವತ್ತು ‘ಪಂಪ್ ನಿಲ್ಲಿಸ್ತೀನಿ’ ಎಂದು ಬಾಯಿಬಿಟ್ಟು ಹೇಳಿದ್ದರೆ ಗಡ್ಡಪ್ಪ ‘ಬೇಡ’ ಅನ್ನುತ್ತಿದ್ದ. ಅವನು ಕೂಗಿದಾಗಲಾದರೂ ಕೇಳಬಹುದಿತ್ತು.

ಏಪ್ರಿಲ್ 13, ಭಾನುವಾರ

ಇವರ ಸಹಾಯಕನಿಗೆ ಜ್ವರ. ಏಣಿ ಹಿಡಿಯಲು ನಾನೇ ಹೋದೆ. ಶಾಲೆಯೊಂದರ ತಾರಸಿ. ಪ್ಯಾನೆಲ್‌ಗಳನ್ನು ಇವರು ಕೂರಿಸುವುದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲೇ ಇಲ್ಲ. ಪ್ರತಿಯೊಂದರ ಅಂಚನ್ನೂ ಬೆರಳಿನಿಂದ ಸವರಿ, ಸರಿಯಿದೆ ಅನಿಸಿದ ಮೇಲೆ ಬೋಲ್ಟ್ ಬಿಗಿಯುತ್ತಾರೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ನೀರಿನ ತೊಟ್ಟಿಯ ನೆರಳಿನಲ್ಲಿ ಕೂತೆವು. ಇಲ್ಲಿ ತಿರುಗಿಸಲು ನಲ್ಲಿ ಇರಲಿಲ್ಲ. “ಅಣು ಯಾಕೆ ಬೇಡ ನಿಮಗೆ, ಮೊದಲಿಂದ ಹೇಳಿ” ಅಂದೆ. ಇವರು ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ ಹೇಳಿದರು.

ಬರೆದಿಟ್ಟುಕೊಳ್ಳುತ್ತೇನೆ. ಒಂದು, ಇದು ತುಂಬಾ ನಿಧಾನ. ಕಟ್ಟುತ್ತ ಕಟ್ಟುತ್ತ ಖರ್ಚೂ ಕಾಲವೂ ಬೆಳೆಯುತ್ತವೆ, ಅಷ್ಟರವರೆಗೆ ಊರು ಹೊಗೆಯನ್ನೇ ಕುಡಿಯಬೇಕು. ಇವರ ಪ್ಯಾನೆಲ್ ಈ ವಾರ ಕೂರಿಸಿದರೆ ಮುಂದಿನ ವಾರ ದೀಪ. ಇನ್ನೊಂದು, ಉಳಿದ ಇಂಧನವನ್ನು ನಾವು ಸತ್ತು ಮಣ್ಣಾದ ಮೇಲೂ ಯಾರಾದರೂ ಕಾಯಬೇಕು. ಆ ಕಾಯುವವರನ್ನು ನಾವು ಕೇಳಿಲ್ಲ. ಪ್ಯಾನೆಲ್ ಕೆಟ್ಟರೆ ಒಂದು ಮನೆಗೆ ಕತ್ತಲು, ಅದು ಕೆಟ್ಟರೆ ಊರೇ ಗಂಟುಮೂಟೆ ಕಟ್ಟಬೇಕು. ಅಂಥದ್ದು ಆಗುವುದು ತೀರಾ ಅಪರೂಪ ಎಂದು ಇವರಿಗೂ ಗೊತ್ತು. ಕಲ್ಲಿದ್ದಲಿನ ಹೊಗೆ ದಿನದಿನವೂ ಕೊಲ್ಲುತ್ತದೆ ಎಂಬುದೂ ಗೊತ್ತು. ಆದರೂ ಮನಸ್ಸು ಒಪ್ಪುವುದಿಲ್ಲ.

ನಾನು ಇದನ್ನೆಲ್ಲ ತಿರುಗಿ ಹೇಳಿದೆ. ಎರಡು ಕಡೆ ತಿದ್ದಿದರು. ಆಮೇಲೆ ಇವರೇ, ಯಾರೂ ಕೇಳದೆಯೇ, “ನಂದೂ ಏನು ಕಮ್ಮಿ ತಾಪತ್ರಯನಾ? ಹೋದ ತಿಂಗಳು ವಾರಗಟ್ಲೆ ಮೋಡ ಕವಿದಿತ್ತಲ್ಲ, ಗಾಳಿನೂ ಇರ್ಲಿಲ್ಲ. ಆಗ ನನ್ನ ಗಿರಾಕಿಗಳೆಲ್ಲ ನಿನ್ನ ಬಾಯ್ಲರ್ ಮೇಲೇ ಬದುಕಿದ್ದು. ಅಷ್ಟು ದಿನಕ್ಕಾಗೋ ಬ್ಯಾಟರಿ ಎಲ್ಲಿಂದ ತರ್ಲಿ?” ಅಂದರು.

ಇದನ್ನು ಬೆಳಗಿನ ತಿಂಡಿಗೆ ಹೇಳಿದ್ದರೆ ನಾನು ಕುಣಿದಾಡುತ್ತಿದ್ದೆ. ಇವತ್ತು ಯಾಕೋ ಕುಣಿಯಬೇಕೆನಿಸಲಿಲ್ಲ. ಬಿಸಿಲು ಜಾಸ್ತಿಯಿತ್ತು, ಅದಕ್ಕೇ ಇರಬೇಕು.

ಏಪ್ರಿಲ್ 29, ಮಂಗಳವಾರ

ಅತ್ತೆ “ಕಿಟಕಿ ಮುಚ್ಚು” ಅಂದರು. ಸೆಖೆ. ಯಾವಾಗಲೂ ಆಗಿದ್ದರೆ ‘ಬೇಯ್ತಿದೀವಿ ಅತ್ತೆ’ ಎಂದು ಹಾಗೇ ಬಿಡುತ್ತಿದ್ದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ, “ಕಿಟಕಿ ಮುಚ್ತೀನಿ” ಅಂದುಬಿಟ್ಟೆ. ಅವರು “ಹೂಂ ಕಣಮ್ಮ. ಹೊಗೆ ಈ ಕಡೆ ತಿರುಗಿದ್ರೆ ಎದೆ ಕಟ್ಟುತ್ತೆ” ಅಂದರು. ಯಾವಾಗಿನಿಂದ ಅಂತ ಕೇಳಿದೆ. “ತುಂಬಾ ದಿನ ಆಯ್ತು. ನೀನು ದುಡಿಯೋ ಜಾಗ, ಹೇಗೆ ಹೇಳೋದು ಅಂತ ಸುಮ್ನಿದ್ದೆ.”

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆ. ಸೇದುವ ಔಷಧಿ ಕೊಟ್ಟಿದ್ದಾರೆ. ಹುಷಾರಾಗುತ್ತಾರೆ. ಉರಿಯ ಸದ್ದು ಕೇಳಿ, ಗಾಳಿ ಹದ ಮಾಡಿ, ಆ ಹೊಗೆ ಎಬ್ಬಿಸುತ್ತ ಕೂತವಳು ನಾನೇ.

ಮೇ 10, ಶನಿವಾರ

ಸಭೆ ಮುಗಿಯಿತು.

ಪುರಭವನ ತುಂಬಿ ಮೆಟ್ಟಿಲವರೆಗೂ ಜನ. ಅಧ್ಯಕ್ಷರು ಊರಿನ ಹಲ್ಲಿನ ಡಾಕ್ಟರು. ಎಲ್ಲರ ಬಾಯಿಯನ್ನೂ ನೋಡಿದವರು, ಆದರೆ ಇವತ್ತು ಒಂದನ್ನೂ ಮುಚ್ಚಿಸಲು ಅವರಿಂದಾಗಲಿಲ್ಲ. ಒಬ್ಬ ಎದ್ದು ಬಾಂಬು ಅಂದ, ಇನ್ನೊಬ್ಬ ಪ್ಯಾನೆಲ್ ಅಂದರೆ ಆಟಿಕೆ ಅಂದ. ನಮ್ಮ ಸ್ಥಾವರದವರು ಒಂದು ಕಡೆ ಕೂತು ಶಿಳ್ಳೆ ಹಾಕುತ್ತಿದ್ದರು. ಹಿಂದಿನಿಂದ ಯಾರೋ “ಪಂಪ್ ನಿಲ್ಸೋರ ಕೈಗೆ ಕೊಡ್ತೀರಾ ಊರನ್ನ?” ಅಂತ ಕೂಗಿದರು. ಇಡೀ ಭವನ ತಿರುಗಿ ನನ್ನನ್ನು ನೋಡಿತು.

ನಾನು ಎದ್ದು ನಿಂತೆ. “ನಿಲ್ಸಿದ್ದು ನಿಜ. ಅದಕ್ಕೇ ನಕಲಿ ಮೇಜಿನ ಮೇಲೆ ಕಲಿಸೋದು. ಅಲ್ಲಿ ನಮಗೆ ಒಂದು ನಿಯಮ ಇದೆ,” ಎಂದು ಗಿಳಿಪಾಠ ಹೇಳಿದೆ. “ಇಲ್ಲೂ ಹಾಗೇ ಮಾಡೋಣ. ಯಾರನ್ನಾದ್ರೂ ವಿರೋಧಿಸೋ ಮೊದಲು ಅವ್ರು ಹೇಳಿದ್ದನ್ನ ತಿರುಗಿ ಹೇಳ್ಬೇಕು. ಅವ್ರು ಹೌದು ಅಂದ ಮೇಲೆ ನಿಮ್ಮ ಮಾತು.”

ಜನ ನಕ್ಕರು. ಹಲ್ಲಿನ ಡಾಕ್ಟರಿಗೆ ಮಾತ್ರ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. “ಮೊದಲು ಯಾರು?” ಅಂದರು. ಯಾರೂ ಏಳಲಿಲ್ಲ. ಆಗ ಆ ಕಡೆಯ ಸಾಲಿನಿಂದ ನಮ್ಮನೆಯವರು ಎದ್ದರು. ಪಂಪಿನ ವಿಷಯ ಇವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇವರು ಅದನ್ನೇ ಎತ್ತಿಕೊಂಡರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

“ನಮ್ಮನೆಯವಳು ಹೇಳೋದನ್ನ ಹೇಳ್ತೀನಿ,” ಅಂದರು. “ಗಾಳಿ ಇಲ್ಲದ, ಬಿಸಿಲಿಲ್ಲದ ವಾರಗಳು ಬರ್ತವೆ. ಆಗ ಆಸ್ಪತ್ರೆ, ನೀರಿನ ಪಂಪು, ಕಾರ್ಖಾನೆ ನಿಲ್ಲಬಾರದು. ಆ ಹೊತ್ತಿಗೆ ಕಲ್ಲಿದ್ದಲು ಸುಟ್ಟರೆ ನನ್ನ ಅಮ್ಮನಂಥವರ ಎದೆ ಕಟ್ಟುತ್ತೆ. ಅಣು ಹೊಗೆ ಬಿಡಲ್ಲ, ಜಾಗ ಕಮ್ಮಿ ಸಾಕು, ಹಗಲು ರಾತ್ರಿ ಒಂದೇ ಸಮ ಕೊಡುತ್ತೆ. ಉಳಿದ ಇಂಧನ ದೊಡ್ಡ ತಲೆನೋವು, ಆದ್ರೆ ಅದು ಎಲ್ಲಿದೆ ಅಂತ ನಮಗೆ ಗೊತ್ತಿರುತ್ತೆ. ಹೊಗೆ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ.”

ನಾನೇ ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ‘ಹೌದು’ ಅನ್ನಲು ಬಾಯಿ ತೆರೆದೆ. ಇವರು ಮುಗಿಸಿರಲಿಲ್ಲ.

“ಇನ್ನೊಂದಿದೆ. ಇದನ್ನ ಅವಳು ಬಾಯಿಬಿಟ್ಟು ಹೇಳಿಲ್ಲ. ಆ ಕುರ್ಚಿ ಹೋದ್ರೆ ತಾನು ಯಾರು ಅಂತಾನೇ ಅವಳಿಗೆ ಗೊತ್ತಾಗಲ್ಲ. ಅವಳಿಗೆ ಬೇಕಾಗಿರೋದು ಕೆಲಸ ಮಾತ್ರ ಅಲ್ಲ, ಆ ಜಾಗ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಣ್ಣು ತುಂಬಿತು. “ಹೌದು, ಅದೇ,” ಅಂದೆ.

ಈಗ ನನ್ನ ಸರದಿ. ಇವರ ವಾದವನ್ನು ಶಾಲೆಯ ತಾರಸಿಯ ಮೇಲೆ ಕೇಳಿದ ಹಾಗೇ ಹೇಳಿದೆ: ನಿಧಾನ, ಖರ್ಚು, ಮುಂದೆ ಕಾಯಬೇಕಾದವರು. ನಮ್ಮ ಸ್ಥಾವರದವರು “ಏನಕ್ಕಾ, ಆ ಕಡೆ ಸೇರ್ಕೊಂಡ್ಯಾ?” ಅಂತ ಗೊಣಗಿದರು. ಇವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಆದರೆ ‘ಹೌದು’ ಅನ್ನಲಿಲ್ಲ. ಕೂರಲೂ ಇಲ್ಲ. ಏನೋ ಬಾಕಿಯಿದೆ ಎಂದು ಇವರ ಮುಖವೇ ಹೇಳುತ್ತಿತ್ತು. ಮಾರ್ಚಿನಿಂದ ಇವರು ಹೇಳಿದ ಮಾತುಗಳನ್ನೆಲ್ಲ ನೆನೆದೆ. ಆ ಮೊದಲ ‘ಬೇಡ’ ನೆನಪಾಯಿತು. ಅದು ಪ್ಯಾನೆಲಿನವರ ‘ಬೇಡ’ ಆಗಿರಲಿಲ್ಲ.

“ಏನಾದ್ರೂ ಆದ್ರೆ ಎಲ್ಲರೂ ಹೊರಗೆ ಓಡ್ತಾರೆ,” ಅಂದೆ. ದನಿ ನನ್ನದೇ ಅನಿಸಲಿಲ್ಲ. “ನಾನು ಓಡಲ್ಲ. ಮೇಜು ಬಿಟ್ಟು ಏಳೋಳಲ್ಲ ಅಂತ ನಿಮಗೆ ಗೊತ್ತು. ನಿಮ್ಮ ಭಯ ಅದು.”

ಇವರು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಹೌದು,” ಅಂದರು. “ಅದೇ.” ಕೂತುಬಿಟ್ಟರು.

ಆಮೇಲೆ ಸಭೆಯ ರೀತಿಯೇ ಬದಲಾಯಿತು. ಬಾಂಬು ಅಂದವನು ಆಟಿಕೆ ಅಂದವನ ಮಾತನ್ನು ತಿರುಗಿ ಹೇಳಲು ಹೋಗಿ ಬಾರಿ ಬಾರಿ ತಪ್ಪಿದ, ಇಬ್ಬರೂ ನಕ್ಕರು. ಯಾರು ಯಾವ ಪಕ್ಷವೆಂದು ಹಲ್ಲಿನ ಡಾಕ್ಟರಿಗೇ ಗೊಂದಲವಾಯಿತು. ಕತ್ತಲಾಗುವ ಮೊದಲು ಮುಗಿಸಿದರು. ಮನೆಗೆ ಇಬ್ಬರೂ ನಡೆದೇ ಬಂದೆವು.

ಮೇ 18, ಭಾನುವಾರ

ಮತ ಎಣಿಸಿದರು. ಊರು ಒಪ್ಪಿದೆ, ಆದರೆ ಕಣ್ಣುಮುಚ್ಚಿಕೊಂಡು ಒಪ್ಪಿಲ್ಲ. ಮೊದಲು ನಮ್ಮ ಸ್ಥಾವರದ ಬೂದಿ ಸುರಿಯುವ ಬಯಲಿನ ತುಂಬಾ ಪ್ಯಾನೆಲ್, ಪಕ್ಕದಲ್ಲಿ ಬ್ಯಾಟರಿ ಮನೆ. ಅದು ಈ ವರ್ಷವೇ ಶುರುವಾಗಬೇಕು. ಅಣುಸ್ಥಾವರ ಅದರ ಬೆನ್ನಿಗೆ. ಉಳಿದ ಇಂಧನ ಎಲ್ಲಿದೆ, ಹೇಗಿದೆ ಎಂದು ಪ್ರತಿ ವರ್ಷ ಪುರಭವನದಲ್ಲಿ ನಿಂತು ಲೆಕ್ಕ ಒಪ್ಪಿಸಬೇಕು. ಬಯಲಿನ ಕೆಲಸಕ್ಕೆ ಇವರನ್ನೂ ಕರೆದಿದ್ದಾರೆ.

“ಗೆದ್ದವರು ಯಾರು?” ಅಂತ ಅತ್ತೆ ಕೇಳಿದರು. ಇಬ್ಬರೂ ಒಟ್ಟಿಗೆ “ನಾನು” ಅಂದೆವು.

ಇನ್ನು ಪರೀಕ್ಷೆಯೊಂದು ಬಾಕಿ. ಅದು ನನ್ನ ಹಣೆಬರಹ.

ಮೇ 30, ಶುಕ್ರವಾರ

ಉರಿ ಆರಿಸಿದೆ. ಕೊನೆಯ ಗುಂಡಿ ನೀನೇ ಒತ್ತು ಎಂದು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಆ ಮೌನ ನನ್ನ ಕಿವಿಗೆ ಹೊಸದು. ನಾನು ಅತ್ತುಬಿಟ್ಟೆ. ಗಡ್ಡಪ್ಪನೂ ಅತ್ತ. ಅವನ ಗಡ್ಡ ಒದ್ದೆಯಾದದ್ದು ನೋಡಿ ಅಳುವಿನ ನಡುವೆಯೇ ನಗು ಬಂತು. ಈ ಹೊಗೆಯಿಂದಲೇ ನಮ್ಮ ಮನೆ ನಡೆಯಿತು, ಈ ಹೊಗೆಯಿಂದಲೇ ನಮ್ಮ ಅತ್ತೆಗೆ ಉಸಿರು ಕಟ್ಟಿತು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಮನೆಗೆ ಬಂದೆ.

ಜೂನ್ 17, ಮಂಗಳವಾರ

ಬೆಳಿಗ್ಗೆ ಸಿಮ್ಯುಲೇಟರ್. ಏಪ್ರಿಲಿನದು ಹಳೆಯ ಮಾದರಿ, ಇದು ನಮ್ಮ ಊರಿಗೆ ಬರುವ ಹೊಸ ಮಾದರಿಯದು. ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು ನನ್ನ ಬೆನ್ನ ಹಿಂದೆ ಕೂತಿದ್ದರು. ಗಂಟೆ ಬಡಿಯಿತು, ಮುಳ್ಳು ನೆಲಕ್ಕೆ ಬಿತ್ತು. ನಾನು ಹೇಳಿ, ಗಡ್ಡಪ್ಪನಿಂದ ಹೇಳಿಸಿ, ಒಂದೊಂದೇ ಹೆಜ್ಜೆ ಮುಗಿಸಿದೆ. ಆಮೇಲೆ ನೀರಿನ ಮಟ್ಟ ನೋಡುತ್ತ ಕೂತೆ. ಮಾಡುವಂಥದ್ದು ಏನೂ ಇರಲಿಲ್ಲ, ಆದರೂ ಕೂತೆ. ಪರೀಕ್ಷಕರಿಗೆ ಬೇಜಾರಾಗಿ ಆಕಳಿಕೆ ಬಂತು. ಗಿಳಿ ಮೇಡಂ ಗಾಜಿನಾಚೆ ನಿಂತಿದ್ದಳು, ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಮಧ್ಯಾಹ್ನ ಬಾಯಿಪರೀಕ್ಷೆ. ಬಿಸಿ, ನೀರು, ವಿಕಿರಣ ಎಲ್ಲಾ ಕೇಳಿದ ಮೇಲೆ ಹಿರಿಯವರು ಕನ್ನಡಕ ತೆಗೆದಿಟ್ಟು ಕೇಳಿದರು: “ನೀವು ಯಾವಾಗ ಮೇಜು ಬಿಟ್ಟು ಏಳ್ತೀರಿ?”

‘ಏಳೋದೇ ಇಲ್ಲ ಸಾರ್’ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಕೇಳಲು ಚೆನ್ನಾಗಿಯೂ ಇರುತ್ತಿತ್ತು.

“ನನ್ನ ಬದಲಿ ಬಂದು, ನಾನು ಹೇಳಿದ್ದನ್ನ ತಿರುಗಿ ಹೇಳಿ, ನಾನು ಹೌದು ಅಂದ್ಮೇಲೆ ಏಳ್ತೀನಿ. ಹೊರಗೆ ಹೋಗಿ ಅಂತ ಆದೇಶ ಬಂದ್ರೆ ಎಲ್ಲರ ಜೊತೆ ಎದ್ದು ಹೋಗ್ತೀನಿ.”

“ಹೋದ್ರೆ ಒಳಗಿನ ಬಿಸಿ?”

“ಈ ಮಾದರೀಲಿ ಮೇಲಿನ ತೊಟ್ಟಿಯ ನೀರು ಪಂಪ್ ಇಲ್ಲದೇನೇ ತಾನಾಗಿ ಇಳಿಯುತ್ತೆ ಸಾರ್. ಯಾರೂ ಇರದಿದ್ರೂ ಇಳಿಯೋ ಹಾಗೇ ಕಟ್ಟೋದು. ಒಬ್ಬರು ಪ್ರಾಣ ಕೊಟ್ಟರೆ ಮಾತ್ರ ಉಳಿಯೋ ಸ್ಥಾವರ ಕಟ್ಟಲೇಬಾರದು. ಮನೇಲಿ ಕಾಯ್ತಿರ್ತಾರೆ.”

ಕೊನೆಯ ಮಾತು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಹಿರಿಯವರು ಪಕ್ಕದವರನ್ನು ನೋಡಿದರು. ಸಂಜೆಯ ಹೊತ್ತಿಗೆ ಬಾಗಿಲಿಗೆ ಪಟ್ಟಿ ಅಂಟಿಸಿದರು. ನಾನು ಪಾಸು, ಗಡ್ಡಪ್ಪನೂ ಪಾಸು. ಗಿಳಿ ಮೇಡಂ ಬಂದು ಕೈ ಕುಲುಕಿ “ಕಲಿಯೋದು ಈಗ ಶುರು” ಅಂದಳು. “ಕಲಿಯೋದು ಈಗ ಶುರು” ಅಂದೆ. ನಕ್ಕಳು. ಅವಳು ನಕ್ಕಿದ್ದನ್ನು ಇವತ್ತೇ ನೋಡಿದ್ದು.

ನಾನು ಮನೆ ತಲುಪಿದಾಗ ಇವರು ಬೂದಿ ಬಯಲಿನಿಂದ ಆಗ ತಾನೇ ಬಂದು, ಅಂಗಿಯ ತುಂಬಾ ಧೂಳು ಮಾಡಿಕೊಂಡು ಬಾಗಿಲಲ್ಲೇ ಕೂತು ಬೂಟು ಬಿಚ್ಚುತ್ತಿದ್ದರು. ಪಾಸಾದದ್ದು ಹೇಳಿದೆ. ಕೇಳಿದ ಪ್ರಶ್ನೆಯನ್ನೂ ಕೊಟ್ಟ ಉತ್ತರವನ್ನೂ ಒಂದಕ್ಷರ ಬಿಡದೆ ಹೇಳಿದೆ.

ಇವರು ಒಂದು ಬೂಟು ಕೈಯಲ್ಲಿ ಹಿಡಿದೇ ಕೂತರು. “ಅಂದ್ರೆ ಅಲ್ಲಿ ನೀನು ಇರ್ಲೇಬೇಕು ಅಂತಿಲ್ಲ.”

“ಇಲ್ಲ. ನಾನು ಇಲ್ಲದೇನೂ ನಡಿಯೋ ಜಾಗದಲ್ಲಿ ನಂಗೆ ಕೆಲಸ ಸಿಕ್ಕಿದೆ.”

“ಎದ್ದು ಬಾ ಅಂದ್ರೆ ಎದ್ದು ಬರ್ತೀಯ.”

“ಎದ್ದು ಬರ್ತೀನಿ.”

“ಪಾಸಾಗೋಕೆ ಅಂತ ಹೇಳಿದ್ದಲ್ಲ ತಾನೆ?”

“ಅಲ್ಲ ರೀ. ನಿಜವಾಗ್ಲೂ ಬರ್ತೀನಿ.”

ಇವರು ಬೂಟು ಅಲ್ಲೇ ಬಿಟ್ಟು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರಿನ ಸದ್ದು ಕೇಳಿಸಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನನಗೆ ಏನು ತಪ್ಪು ಮಾತಾಡಿದೆನೋ ಎಂದು ದಿಗಿಲಾಯಿತು.

ಅತ್ತೆ ಕೋಣೆಯಿಂದ ಒಂದು ಟವೆಲ್ ತಂದು ನನ್ನ ಕೈಗಿಟ್ಟರು. “ಚಿಕ್ಕಂದಿನಿಂದ್ಲೂ ಹೀಗೇ. ಅಳು ಬಂದ್ರೆ ಮುಖ ತೊಳ್ಕೊಳ್ಳೋಕೆ ಹೋಗ್ತಾನೆ.”

ಟವೆಲ್ ಹಿಡಿದುಕೊಂಡು ಬಚ್ಚಲ ಬಾಗಿಲ ಹೊರಗೆ ನಿಂತೆ. ಕರೆಯಲಿಲ್ಲ. ಇವರೇ ಬಾಗಿಲು ತೆಗೆದು ಹೊರಗೆ ಬರುವವರೆಗೆ ಅಲ್ಲೇ ನಿಂತಿದ್ದೆ.